ಆನೆಗೊಂದಿ ಸುತ್ತು: ನಿಧಿ ಅಲ್ರಿ, ಡಬ್ಬಿ ಹುಡುಕಾಕತ್ತೀವಿ

ಸಂಕ್ರಾಂತಿ ಸೂಟಿಗೆ ಅಕ್ಕನ ಮಕ್ಕಳು ಗಂಗಾವತಿಗೆ ಬಂದಿದ್ರು, ಇಬ್ಬರೂ ಮೊಬೈಲ್ ಬಿಟ್ಟು ತಲಿ ಎತ್ತಂಗಿಲ್ಲ, ಹಂಗಾರ ಮೊಬೈಲ್ ಹಿಡ್ಕೊಂಡೇ ಅಡ್ಡಾಡೋ ಆಟ ಆಡಸೋಣು ಅಂತ ಆನೆಗೊಂದಿ ಸುತ್ತ ಜಿಯೋಕ್ಯಾಶಿಂಗ್ ಮಾಡಿಸಿದೆ, ಅಂದ್ರ ಜಿಪಿಎಸ್ ನೋಡ್ಕೋತ ಬಚ್ಚಿಟ್ಟ ಡಬ್ಬಿ ಹುಡುಕೋ ಆಟ. ಆಟ ಹಳೇದೇ. 2000ದ ಮೇ 2ಕ್ಕೆ ಅಮೆರಿಕಾದವರು ಜಿಪಿಎಸ್ ಸಿಗ್ನಲ್‌ನಾಗ ಬೇಕಂತಲೇ ಇಟ್ಟಿದ್ದ ತಪ್ಪನ್ನ ತಗದ್ರು, ಮರುದಿನಾನ ಡೇವ್ ಉಲ್ಮರ್ ಅನ್ನೋರು ಆರೆಗಾನ್‌ನಾಗ ಒಂದು ಬಕೆಟ್ ಇಟ್ಟು ಅದರ ಅಕ್ಷಾಂಶ ರೇಖಾಂಶ ಇಂಟರ್ನೆಟ್ಟಿಗೆ ಹಾಕಿದ್ರು. ಸಿಕ್ಕವರು ಒಳಗಿನ ನೋಟ್‌ಬುಕ್ಕಿನಾಗ ಹೆಸರು ಬರೀಬೇಕು, ಏನರ ತಗೊಂಡ್ರ ಏನರ ಇಟ್ಟು ಬರಬೇಕು, ಅಷ್ಟ.

ಆದ್ರ ನಮ್ಮ ಕಡೆ ಇದನ್ನ ಆಡೂ ಮುಂಚೆ ಒಂದು ಮಾತು ತಿಳ್ಕೋಬೇಕು. ಆನೆಗೊಂದಿಯಾಗ ಕಲ್ಲಿನ ಸಂದಿಯಾಗ ಕೈ ಹಾಕ್ಕೋತ ಅಡ್ಡಾಡಿದ್ರ ಜನ ಸುಮ್ನ ಬಿಡಂಗಿಲ್ಲ, ಬಿಡಬಾರದು ಕೂಡ. 2019ರ ಜುಲೈನಾಗ ತುಂಗಭದ್ರಾ ಹೊಳಿ ನಡುವಿನ ನವವೃಂದಾವನ ಗಡ್ಡಿಯಾಗ ವ್ಯಾಸರಾಜರ ವೃಂದಾವನಾನ, ಅಂದ್ರ ಅವರ ಸಮಾಧಿನ, ನಿಧಿ ಆಸೆಗೆ ರಾತ್ರಿ ಬಂದು ಒಡದು ಹಾಕಿದ್ರು. ಕೃಷ್ಣದೇವರಾಯ ಗುರು ಅಂತ ಕೈ ಮುಗದವರದು ಅದು. ಮಠದವರು ಭಕ್ತರು ಸೇರಿ ತಿರುಗಿ ಕಟ್ಟಿದ್ರು, ಆದ್ರ ಆ ಫೋಟೋ ನೆನಪಾದ್ರ ನನಗ ಇವತ್ತಿಗೂ ಹೊಟ್ಟಿ ಉರೀತೈತಿ. ಅದಕ್ಕ ಗುಡಿ, ಮಂಟಪ, ಕೋಟಿ ಗ್ವಾಡಿ ಎಲ್ಲೂ ಡಬ್ಬಿ ಇಡಲಿಲ್ಲ. ಅಲ್ಲಿ ಬರೇ ಪ್ರಶ್ನೆ. ಉತ್ತರದ ಅಂಕಿ ಜೋಡಿಸಿದ್ರ ಕೊನೀ ಜಾಗ ಸಿಗಬೇಕು, ಡಬ್ಬಿ ಇದ್ದದ್ದು ನಮ್ಮ ದೋಸ್ತನ ಹೊಲದ ಬೇವಿನ ಗಿಡದ ಪೊಟರಿಯಾಗ, ಅವನ್ನ ಕೇಳೇ ಇಟ್ಟಿದ್ದೆ. ಜಾಗದವರನ್ನ ಕೇಳದ ನೆಲ ಅಗದು ಹುಗಿಯೂದು ಈ ಆಟದ ರೂಲ್ಸ್‌ನಾಗೂ ಇಲ್ಲ.

ಮುಂಜಾನೆ ಒಗ್ಗರಣಿ ಮಿರ್ಚಿ ತಿಂದು ಗಗನ ಮಹಲ್ ಮುಂದಿಂದ ಶುರು ಮಾಡಿದ್ವಿ, ರಂಗನಾಥ ಗುಡಿ, ಹುಚ್ಚಪ್ಪಯ್ಯನ ಮಠ, ಹಂಗ ಹೊಳಿ ದಂಡಿಗೆ. ಎಲ್ಲಾರೂ ಅಂಜನಾದ್ರಿಯ 575 ಮೆಟ್ಲು ಹತ್ತಿ ಇಳದು ಸೀದಾ ಗಾಡಿ ಹತ್ತತಾರ, ಊರೊಳಗ ಕಾಲಿಡೂದೇ ಇಲ್ಲ, ಎಂಥಾ ಊರು ಬಿಟ್ಟು ಹೋಗ್ತಾರ ಇವರು ಅಂತ ಅನಸ್ತೈತಿ ನನಗ.

ಹೊಳಿಯಾಗ ನೀರು ಕಡಿಮಿ ಇತ್ತು. ಡ್ಯಾಮಿಂದ ನೀರು ಬಿಟ್ಟಾಗ 64 ಕಂಬದ ಮಂಟಪ ಮುಳುಗಿ ಹೋಗ್ತೈತಿ. 64ರಾಗ ಮೊದಲನೇ ಅಂಕಿ 6, ಅದೊಂದು ಉತ್ತರ. ಗಡ್ಡಿಯಾಗ ಎಷ್ಟು ವೃಂದಾವನ ಅಂತ ಅಂಬಿಗಣ್ಣನ್ನ ಕೇಳ್ರಿ ಅಂದೆ, 9 ಅಂತ ಬಂತು. ಮೂರನೇದು, ದಂಡಿಗೆ ಎಷ್ಟು ಹರಿಗೋಲು ಅದಾವ ಅಂತ.

ತಪ್ಪಾಗಿದ್ದು ಇಲ್ಲೇ. ಹಿಂದಿನ ಸಂಜಿ ನಾ ನೋಡಿದಾಗ ಮೂರು ಇದ್ವು, ಮುಂಜಾನೆ ನಾಕು. ಜಾಗ ಬಿಟ್ಟು ಹೋಗೋ ವಸ್ತುನ ಪ್ರಶ್ನೆ ಮಾಡಬಾರದು ಅಂತ ನನಗ ಹೊಳೀಲೇ ಇಲ್ಲ. ಅಕ್ಷಾಂಶದ ಮಿನಿಟ್‌ನಾಗ (ಒಂದು ಡಿಗ್ರಿಯ 60ರಾಗ ಒಂದು ಪಾಲು) ಪಾಯಿಂಟ್ ಆದ ಮ್ಯಾಲಿನ ಮೂರನೇ ಅಂಕಿ ಒಂದು ತಪ್ಪಿದ್ರ ಸುಮಾರು 2 ಮೀಟರ್ ಹೆಚ್ಚುಕಮ್ಮಿ, ಎರಡನೇದು ತಪ್ಪಿದ್ರ 18, ಮೊದಲನೇದು ತಪ್ಪಿದ್ರ 185. ಹರಿಗೋಲಿನ ಉತ್ತರ ಪಾಯಿಂಟ್ ಆದ ಮ್ಯಾಲಿನ ಆ ಮೊದಲನೇ ಅಂಕಿನೇ ಇತ್ತು. ನನಗ ಅನುಮಾನ ಬಂದ್ರೂ ಸುಮ್ನ ಹಿಂದಿಂದ ಹೋದೆ, ಕಾಲುವಿ ದಾಟಿ ಬದುವಿನ ಮ್ಯಾಲ ನಡದು, ಹುಡುಗ್ರು ನಿಂತಿದ್ದು ಯಾರದೋ ನಾಟಿ ಮಾಡಿದ ಗದ್ದಿ ಮುಂದ.

ಗದ್ದಿ ಕಾಕಾ ಬಂದ. "ಏನ್ ಹುಡುಕಾಕತ್ತೀರಿ, ನಿಧಿನೇನು?" ಅಂದ, ದನಿ ಗಟ್ಟಿ ಇತ್ತು. ದೊಡ್ಡಾಕಿ ಹನ್ನೆರಡು ವರ್ಷದ ಹುಡುಗಿ, ಹೆದರಲಿಲ್ಲ, "ನಿಧಿ ಅಲ್ಲಜ್ಜಾ, ಡಬ್ಬಿ, ನಾವು ಏನೂ ಅಗಿಯಂಗಿಲ್ಲ" ಅಂತ ಮೊಬೈಲ್ ತೋರಿಸಿ ಪೂರಾ ಆಟ ಹೇಳಿದ್ಲು. ಕಾಕಾ ಕೇಳಿಸ್ಕೊಂಡು ಹೊಳಿ ಕಡೆ ನೋಡಿ, "ಒಂದು ಹರಿಗೋಲು ರಿಪೇರಿಗೆ ಒಯ್ದಿದ್ರಲ್ಲ, ರಾತ್ರಿ ತಂದಿಟ್ಟಾರ, ಮೂರು ಹಿಡೀರಿ" ಅಂದ. ಅಲ್ಲಿಂದ ಸೀದಾ ಬೇವಿನ ಗಿಡ. ಸಣ್ಣಾವ ಡಬ್ಬಿ ತಗದು, ಒಳಗಿನ ಗೋಲಿ ತಗೊಂಡು ತನ್ನ ಶಾರ್ಪನರ್ ಇಟ್ಟ.

ವಾಪಸ್ ಬರೂವಾಗ ಕಾಕಾ ಮತ್ತ ಕರದು, ಮುಂದಿನ ಸಲ ತನ್ನ ಪಂಪ್‌ಸೆಟ್ ಮನಿ ಕಿಡಕಿಯಾಗ ಇಡ್ರಿ, ನಾ ಕಾಯ್ತೀನಿ ಅಂದ. ನಿನ್ನೆ ಹೋಗಿ ಆ ಕಿಡಕಿಯ ರೀಡಿಂಗ್ ನಾಕು ಸಲ ತಗೊಂಡು ಬಂದೀನಿ, ಹರಿಗೋಲಿನ ಪ್ರಶ್ನೆ ತಗದೀನಿ.