ಬೀದರ್ ಕೋಟೆ, ಲಾಲ್‌ಬಾಗ್: ಕಲಬುರಗಿಯಿಂದ ಒಂದೇ ದಿನಕ್ಕೆ ಹೋಗಿ ಬರುವವರಿಗೆ

ಬೀದರಿಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬೇಕು ಅಂತಿದ್ದರೆ, ಬಸ್ ಇಳಿದವರೇ ನೇರ ಕೋಟೆಗೆ ಹೋಗಿ. ಬೇರೆಲ್ಲ ಆಮೇಲೆ. ನಾವೂ ಹಾಗೇ ಅಂದುಕೊಂಡು ಹೊರಟಿದ್ದೆವು, ಆಟೋದವನು ಬಿಡಲಿಲ್ಲ.

ಬಸ್ ಸ್ಟ್ಯಾಂಡ್ ಹೊರಗೇ ಹಿಡಿದುಕೊಂಡ. "ಐದು ಪಾಯಿಂಟ್ ತೋರಿಸ್ತೀನ್ರಿ, ಎಂಟುನೂರು ಕೊಡ್ರಿ" ಅಂದ. ಮೊದಲು ಕೋಟೆ ಅಂತ ಎರಡೆರಡು ಸಲ ಹೇಳಿಯೇ ಹತ್ತಿದೆವು. ಆದರೂ ಆಟೋ ಹೋಗಿ ನಿಂತದ್ದು ಒಂದು ಬಿದ್ರಿ ಸಾಮಾನಿನ ಅಂಗಡಿ ಮುಂದೆ. ಅಲ್ಲಿ ಮುಕ್ಕಾಲು ಗಂಟೆ. ನಾವು ಏನೂ ಕೊಳ್ಳಲಿಲ್ಲ ಅಂತ ಅವನ ಮುಖ ಸಣ್ಣದಾಯಿತು. ಕೋಟೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅದರ ಮೇಲೆ "ಅರ್ಧ ತಾಸು ಸಾಕ್ರಿ, ಇಲ್ಲಾಂದ್ರ ವೇಟಿಂಗ್ ಚಾರ್ಜ್" ಅಂತ ಬೇರೆ. ಅಷ್ಟು ದೊಡ್ಡ ಕೋಟೆಗೆ ಅರ್ಧ ತಾಸು ಎಲ್ಲಿ ಸಾಲುತ್ತದೆ? ಜಗಳ ಆಡಿ, ಐನೂರು ಕೊಟ್ಟು ಕಳಿಸಿದೆವು. ಪ್ಯಾಕೇಜ್ ಮಾತಾಡಲೇಬೇಡಿ. ಒಂದೊಂದು ಜಾಗಕ್ಕೆ ಬೇರೆ ಬೇರೆ ಆಟೋ ಹಿಡಿಯಿರಿ, ಎಷ್ಟೋ ಕಡಿಮೆಗೆ ಮುಗಿಯುತ್ತದೆ.

ಕೋಟೆ ಒಳಗಿನ ಲಾಲ್‌ಬಾಗಿನಲ್ಲಿ ಬೆಂಗಳೂರಿನ ಹಾಗೆ ಗಾಜಿನ ಮನೆ, ಹೂವಿನ ಪ್ರದರ್ಶನ ಇರುವುದಿಲ್ಲ. ಹೂವು ನೋಡಲು ಬಂದವರಿಗೆ ಬೇಜಾರಾಗಬಹುದು. ನನಗಂತೂ ಬಿಟ್ಟು ಬರಲು ಮನಸ್ಸಾಗಲಿಲ್ಲ. ಉದ್ದಕ್ಕೆ ಒಂದು ಕಲ್ಲಿನ ಕಾಲುವೆ, ನಡುವೆ ಒಂದು ಕಾರಂಜಿ ತೊಟ್ಟಿ. ತೊಟ್ಟಿಯ ಅಂಚನ್ನು ಎಸಳು ಎಸಳಾಗಿ ಕಡೆದಿದ್ದಾರೆ, ಬಗ್ಗಿ ಕೈಯಾಡಿಸಿದರೆ ಒಂದೊಂದು ತಿರುವೂ ಬೆರಳಿಗೆ ಸಿಗುತ್ತದೆ. ನಾವು ಹೋದಾಗ ನೀರಿರಲಿಲ್ಲ. ಪಕ್ಕದಲ್ಲೇ ಸೋಲಾ ಖಂಬಾ ಮಸೀದಿ. ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಇಲ್ಲಿಗೆ ತಂದದ್ದು 15ನೇ ಶತಮಾನದಲ್ಲಿ. ನಮ್ಮೂರ ಕೋಟೆ ನೋಡಿದವರಿಗೆ ಇಲ್ಲಿನ ಅರಮನೆ, ಹಮಾಮು (ಸ್ನಾನದ ಮನೆ), ನೀರಿನ ವ್ಯವಸ್ಥೆ ನೋಡುವಾಗ ಆ ಕಥೆಯ ಮುಂದಿನ ಭಾಗ ಕಣ್ಣಿಗೆ ಕಟ್ಟುತ್ತದೆ.

ಕೋಟೆ ಒಳಗಿನ ರಂಗೀನ್ ಮಹಲ್ ಅರಮನೆ ಮಾತ್ರ ತಪ್ಪಿಸಬೇಡಿ. ಅದಕ್ಕೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಎಷ್ಟೋ ಜನ ಮುಚ್ಚಿದೆ ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಕೋಟೆಯಲ್ಲೇ ಇರುವ ಮ್ಯೂಸಿಯಂ ಸಿಬ್ಬಂದಿಯನ್ನು ಕೇಳಿದರೆ ತೆಗೆದು ತೋರಿಸುತ್ತಾರೆ. ನಾವು ಹೋದದ್ದು ಊಟದ ಹೊತ್ತು, ಹಾಗಾಗಿ ಕಾಯಬೇಕಾಯಿತು. ಕಾದದ್ದಕ್ಕೆ ಬೇಸರವಿಲ್ಲ. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಟಾರ್ಚ್ ಬೆಳಕಿಗೆ ಒಮ್ಮೆ ಹಸಿರು, ಒಮ್ಮೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮರದ ಕಂಬಗಳ ಕೆತ್ತನೆಯನ್ನೂ ಹತ್ತಿರ ನಿಂತು ನೋಡಿ.

ಊಟಕ್ಕೆ ಹೆದ್ದಾರಿ ಹೋಟೆಲ್ ಬೇಡ. ಹಳೇ ಊರಿನ ಓಣಿಗಳಲ್ಲಿ ಸಣ್ಣ ಖಾನಾವಳಿ ಹುಡುಕಿ. ನಮಗೆ ಸಿಕ್ಕಿದ್ದರಲ್ಲಿ ನಾಲ್ಕೇ ಟೇಬಲ್, ಊಟಕ್ಕೆ ಎಂಬತ್ತು ರೂಪಾಯಿ. ಬಿಸಿ ಜೋಳದ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿ ಪಲ್ಯ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ. ಹಂಚಿನಿಂದ ತೆಗೆದ ರೊಟ್ಟಿ ಉಬ್ಬಿಕೊಂಡೇ ತಟ್ಟೆಗೆ ಬೀಳುತ್ತಿತ್ತು. ಪುಂಡಿ ಪಲ್ಯದ ಹುಳಿ ಹದವಾಗಿತ್ತು, ಬಾಯಿ ಜುಮ್ ಅನ್ನುವಷ್ಟು ಇರಲಿಲ್ಲ. "ಇನ್ನೊಂದು ತಗೋರಿ ಅಮ್ಮಾ, ಬಿಸಿ ಅದ" ಅಂತ ಬಡಿಸುವಾಕೆ ನಮ್ಮತ್ತೆಗೆ ಒತ್ತಾಯ ಮಾಡಿ ಹಾಕಿದಳು. ಮನೆಯಲ್ಲಿ ಒಂದೇ ರೊಟ್ಟಿ ತಿನ್ನುವ ಅತ್ತೆ ಅಲ್ಲಿ ಮೂರು ತಿಂದರು. ಎರಡು ಗಂಟೆ ದಾಟಿದರೆ ಪಲ್ಯ ಮುಗಿಯುತ್ತದಂತೆ, ಬೇಗ ಹೋಗಿ.

ಮದರಸಾ ನಡೆಯುವಷ್ಟೇ ದೂರ. 1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ್ದು. ಮಿನಾರಿನ ಮೇಲೆ ಉಳಿದಿರುವ ಬಣ್ಣದ ಹೆಂಚು ನೋಡಿ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ವಯಸ್ಸಾದವರಿದ್ದರೆ, ನನ್ನ ಹಾಗೆ ಜನಜಂಗುಳಿ ಆಗದವರಾಗಿದ್ದರೆ, ರಜಾ ದಿನ ಆ ಕಡೆ ಹೋಗಬೇಡಿ. ಅದರ ಬದಲು ಸಂಜೆ ಉದ್ಗೀರ್ ರಸ್ತೆಯಲ್ಲಿ, ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಸುಲ್ತಾನರ ಗೋರಿಗಳ ತೋಟದಲ್ಲಿ ಕೂತುಕೊಳ್ಳಿ. ನೆರಳಿದೆ, ಬೆಂಚಿದೆ, ಗಲಾಟೆ ಕಡಿಮೆ.

ಹುಮನಾಬಾದ್, ಕಮಲಾಪುರದ ಮೇಲೆ ಹೋಗುವ ಕಲಬುರಗಿ-ಬೀದರ್ ರೈಲು ಮಾರ್ಗ 2017ರಲ್ಲಿ ಶುರುವಾಗಿದೆ, ಆದರೆ ಗಾಡಿಗಳು ಕಡಿಮೆ. ವೇಳೆ ನೋಡಿಕೊಂಡೇ ಹೊರಡಿ. ಬಸ್ಸಿನಲ್ಲಿ ವಾಪಸ್ ಬರುವುದಾದರೆ ಕತ್ತಲಾಗುವ ಮೊದಲೇ ಹತ್ತಿ, ಕಮಲಾಪುರದಲ್ಲಿ ನಿಂತಾಗ ಕೆಂಪು ಬಾಳೆಹಣ್ಣು ತಗೊಳ್ಳಿ. ಪೂರ್ತಿ ಕೆಂಪಾಗಿ ಸ್ವಲ್ಪ ಮೆತ್ತಗಾಗಿದ್ದನ್ನೇ ಆರಿಸಿ.