ಮೇಷ್ಟ್ರು ಬೋರ್ಡಿನ ಮೇಲೆ ಹಾಕಿದ ಬ್ರಾಕೆಟ್‌ಗಳು

ನಮಗೆ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದ ಮೇಷ್ಟ್ರು ಹೋಗಿಬಿಟ್ಟರು. ಆ ವರ್ಷದ ಸಿಲಬಸ್ಸಿನಲ್ಲಿ ಇನ್ನೇನೇನಿತ್ತೋ, ನಮ್ಮ ಬ್ಯಾಚಿನ ಯಾರಿಗೂ ನೆನಪಿಲ್ಲ. ಅವರು ಬೋರ್ಡಿನ ಮೇಲೆ ಬರೆದ ಒಂದು ಸಾಲು ಮಾತ್ರ ಅಳಿಸಿಲ್ಲ: ಅ+ಬ*ಕ.

ಮೊದಲು ಗುಣಿಸಬೇಕು, ಆಮೇಲೆ ಕೂಡಬೇಕು ಅಂತ ಯಂತ್ರಕ್ಕೆ ಹೇಳುವುದು ಹೇಗೆ? ಮೇಷ್ಟ್ರು ಕೂಡುವ ಚಿಹ್ನೆ ಇದ್ದಲ್ಲಿ ))+(( ಎಂದೂ, ಗುಣಿಸುವ ಚಿಹ್ನೆ ಇದ್ದಲ್ಲಿ )*( ಎಂದೂ ಬರೆದರು. ಮೊದಲಿಗೆ ((, ಕೊನೆಗೆ )) ಸೇರಿಸಿದರು. ಆದದ್ದು ((ಅ))+((ಬ)*(ಕ)). ಘಾತವೂ ಬಂದರೆ ಇನ್ನೊಂದು ಸುತ್ತು ಬ್ರಾಕೆಟ್, ಅಷ್ಟೇ. ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡದ ಮೊದಲ ಫೋರ್ಟ್ರಾನ್ ಕಂಪೈಲರ್, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಪ್ರೋಗ್ರಾಮ್, ಮಾಡಿದ್ದೂ ಇದನ್ನೇ.

ಆ ಕಂಪೈಲರ್ ಯಾಕೆ ಬೇಕಾಯಿತು ಎಂಬುದನ್ನು ಮೇಷ್ಟ್ರಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲ. ಐಬಿಎಂ 701 ಕಂಪ್ಯೂಟರಿನಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕವನ್ನು, ಅಂದರೆ ಚುಕ್ಕೆಯ ಜಾಗ ಬದಲಾಗುವ ಸಂಖ್ಯೆಗಳ ಲೆಕ್ಕವನ್ನು, ಸಬ್‌ರೂಟೀನ್ ಎಂಬ ಪ್ರೋಗ್ರಾಮಿನ ತುಣುಕುಗಳೇ ಮಾಡಬೇಕಿತ್ತು. ಅದೇ ಅಷ್ಟು ನಿಧಾನವಾದ್ದರಿಂದ ಸ್ಪೀಡ್‌ಕೋಡಿಂಗ್‌ನಂಥ ಇಂಟರ್‌ಪ್ರಿಟರ್ (ಪ್ರೋಗ್ರಾಮನ್ನು ಓಡಿಸುತ್ತಲೇ ಒಂದೊಂದೇ ಆದೇಶವನ್ನು ಬಿಡಿಸಿ ನಡೆಸುವಂಥದ್ದು) ತಿನ್ನುವ ಸಮಯ ಎದ್ದು ಕಾಣುತ್ತಿರಲಿಲ್ಲ. 704ರಲ್ಲಿ ಆ ಲೆಕ್ಕ ಹಾರ್ಡ್‌ವೇರ್‌ಗೇ ಬಂತು, ಜತೆಗೆ ಪಟ್ಟಿಯ ಎಷ್ಟನೆಯ ಅಂಶ ಬೇಕು ಎಂದು ಎಣಿಸಿಡುವ ಇಂಡೆಕ್ಸ್ ರಿಜಿಸ್ಟರ್‌ಗಳೂ ಬಂದವು. ಇನ್ನು ಇಂಟರ್‌ಪ್ರಿಟರಿನ ನಿಧಾನಕ್ಕೆ ಅಡಗಲು ಜಾಗವಿರಲಿಲ್ಲ. ನೇರವಾಗಿ ಯಂತ್ರಭಾಷೆಗೇ ಇಳಿಸಬೇಕು, ಅದೂ ಕೈಯಲ್ಲಿ ಬರೆದ ಕೋಡಿಗೆ ಸಮನಾಗಿ. ಇಲ್ಲದಿದ್ದರೆ ಪ್ರೋಗ್ರಾಮರುಗಳು ಮುಟ್ಟುತ್ತಿರಲಿಲ್ಲ. 1957ರ ಏಪ್ರಿಲ್‌ನಲ್ಲಿ ಹೊರಬಂದ ಆ ಕಂಪೈಲರಿನಲ್ಲಿ ಆರು ವಿಭಾಗ. ಮೊದಮೊದಲಿನವು ಇಂಡೆಕ್ಸ್ ರಿಜಿಸ್ಟರ್ ಎಷ್ಟು ಬೇಕಾದರೂ ಇವೆ ಅಂದುಕೊಂಡೇ ಕೆಲಸ ಮಾಡುತ್ತಿದ್ದವು. ಇದ್ದದ್ದು ಮೂರೇ. ಪ್ರೋಗ್ರಾಮಿನ ಯಾವ ಭಾಗ ಎಷ್ಟು ಸಲ ಓಡೀತು ಎಂದು ನಾಲ್ಕನೆಯ ವಿಭಾಗ ಅಂದಾಜು ಹಾಕಿದರೆ, ಐದನೆಯದು ಆ ಅಂದಾಜಿನ ಮೇಲೆ ಮೂರನ್ನು ಹಂಚುತ್ತಿತ್ತು. ಇವತ್ತಿನ ಮಕ್ಕಳು ಗುಂಡಿ ಒತ್ತುತ್ತಾರೆ, ಉತ್ತರ ಬರುತ್ತದೆ. ಒಳಗೆ ಯಾವ ಆದೇಶ ಹುಟ್ಟಿತು ಎಂದು ತೋರಿಸುವವರಿಲ್ಲ. ನಮ್ಮ ಬ್ಯಾಚಿನವರು ಕಂಪೈಲರಿನ ಕೆಲಸವನ್ನು ಕಾಗದದ ಮೇಲೆ ಮಾಡಿ ಕಲಿತವರು. ಆ ಹೆಮ್ಮೆ ನಮಗಿದೆ.

ಇನ್ನು ನಮ್ಮ ಬ್ಯಾಚಿನ ಒಂದು ಕಿಡಿಗೇಡಿತನ. ಆಗ ಪ್ರೋಗ್ರಾಮಿನ ಸಾಲುಗಳನ್ನು ಕಾರ್ಡುಗಳ ಮೇಲೆ ತೂತು ಹೊಡೆದು ಕಟ್ಟು ಮಾಡಿಡುತ್ತಿದ್ದೆವು; ಒಬ್ಬ ತನ್ನ ಗೆಳೆಯನ ಕಟ್ಟಿನಿಂದ, 50 ಸಲ ಸುತ್ತು ಎಂದು ಹೇಳುವ ‘ಡೂ 10 ಐ = 1,50’ ಕಾರ್ಡನ್ನು ತೆಗೆದು, ‘1.50’ ಎಂದು ಪಂಚ್ ಮಾಡಿದ್ದನ್ನು ಸೇರಿಸಿಟ್ಟ. ಕಂಪೈಲರ್ ಚಕಾರ ಎತ್ತಲಿಲ್ಲ. ಆಗಿನ ಫೋರ್ಟ್ರಾನ್ ಖಾಲಿ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲವಲ್ಲ, ‘ಡೂ10ಐ’ ಎಂಬ ಹೊಸ ಚರಾಕ್ಷರಕ್ಕೆ 1.50 ಬೆಲೆ ಕೊಟ್ಟು ಮುಂದೆ ಹೋಯಿತು. 50 ಸಲ ಸುತ್ತಬೇಕಿದ್ದ ಲೆಕ್ಕ ಒಂದೇ ಸಲ ನಡೆದು ನಿಂತಿತು. ರಿಬ್ಬನ್ ಸವೆದು ಕಾರ್ಡಿನ ಮೇಲಂಚಿನಲ್ಲಿ ಅಚ್ಚಾಗುವ ಅಕ್ಷರಗಳು ಮಸುಕಾಗಿದ್ದರಿಂದ ಹುಡುಗರ ಕಣ್ಣಿಗೆ ಬೀಳಲಿಲ್ಲ.

ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಾಮಾ ಆದರೂ ಚುಕ್ಕೆ ಆದರೂ 3 ಮತ್ತು 8ನೇ ಸಾಲಿನ ತೂತುಗಳು ಎರಡಕ್ಕೂ ಇರುತ್ತವೆ. ಕಾಮಾಕ್ಕೆ ಇನ್ನೊಂದು ತೂತು 0 ಸಾಲಿನಲ್ಲಿ, ಚುಕ್ಕೆಗೆ ಎಲ್ಲಕ್ಕಿಂತ ಮೇಲಿನ 12ರಲ್ಲಿ. “ಇಲ್ಲಿ ನೋಡ್ರಪ್ಪಾ,” ಅಂದು ಮೇಲ್ತುದಿಯ ಆ ತೂತಿಗೆ ಪೆನ್ಸಿಲ್ ಮೊನೆ ಇಟ್ಟರು.