ಕರೆ ಕಳಿಸಿದರೆ ಸಾಲದು, ಅಳಿಸಲೂ ಬೇಕು

ನಮ್ಮ ಲ್ಯಾಬ್‌ನಲ್ಲಿ ಡಿಕ್ಟಿಯೋಸ್ಟೀಲಿಯಂ ಎಂಬ, ಒಂದೇ ಕೋಶದ ಮಣ್ಣಿನ ಅಮೀಬಾ ಬೆಳೆಸುತ್ತೇವೆ. ತಿನ್ನಲು ಬ್ಯಾಕ್ಟೀರಿಯಾ ಇರುವವರೆಗೆ ಪ್ರತಿಯೊಂದೂ ತನ್ನ ಪಾಡಿಗೆ ತಾನಿರುತ್ತದೆ. ಊಟ ಮುಗಿಯಿತೋ, ಕೆಲವು ಗಂಟೆಗಳಲ್ಲಿ ಎಲ್ಲವೂ ಗುಂಪು ಕಟ್ಟಲು ಹೊರಡುತ್ತವೆ. ಒಂದು ಗುಂಪಿನಲ್ಲಿ ಒಂದು ಲಕ್ಷ ಕೋಶಗಳೂ ಇರಬಹುದು. ಅವನ್ನು ಕರೆಯುವುದು ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕ. ಇದು 1967ರಲ್ಲಿ ಗೊತ್ತಾಯಿತು.

ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಮೈಕ್ರೋಸ್ಕೋಪಿಗೆ ದೊಡ್ಡ ಲೆನ್ಸ್ ಹಾಕಿ ಒಂದೇ ಕೋಶವನ್ನು ಹಿಂಬಾಲಿಸುತ್ತಾರೆ. ನಾನು ಮೊದಲು ಚಿಕ್ಕ ಲೆನ್ಸ್ ಹಾಕಿಸುತ್ತೇನೆ. ಹಸಿದ ಕೋಶಗಳ ಹಾಸಿನ ಮೇಲೆ ಬೆಳಕಿನ ಪಟ್ಟಿಗಳು ಕಾಣುತ್ತವೆ. ಕೆಲವು ಕಡೆ ಬಳೆಯ ಹಾಗೆ, ಕೆಲವು ಕಡೆ ಸುರುಳಿ ಸುರುಳಿಯಾಗಿ. ಉದ್ದವಾಗಿ ಚಾಚಿಕೊಂಡು ನಡೆಯುತ್ತಿರುವ ಕೋಶಗಳು ಬೆಳ್ಳಗೆ, ನಿಂತವು ಕಪ್ಪಗೆ. ಸುಮಾರು ಆರು ನಿಮಿಷಕ್ಕೊಮ್ಮೆ ಹೊಸ ಅಲೆ ಏಳುತ್ತದೆ. ಕರೆ ಕೇಳಿದ ಕೋಶ ತಾನೂ ಅದೇ ರಾಸಾಯನಿಕ ಬಿಟ್ಟು ಪಕ್ಕದವರಿಗೆ ದಾಟಿಸುತ್ತದೆ. ಅಲೆ ಹೊರಗೆ ಹರಡುತ್ತದೆ, ಕೋಶಗಳು ಮಾತ್ರ ಒಳಗೆ, ನಡುವಿನ ಕಡೆಗೆ ನಡೆಯುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ಅಲೆ ಮೈಮೇಲೆ ಹಾದು ಹೋದ ಮೇಲೆ ರಾಸಾಯನಿಕ ಜಾಸ್ತಿ ಇರುವುದು ಕೋಶದ ಬೆನ್ನ ಹಿಂದೆ, ಅಲ್ವಾ? ಹಾಗಿದ್ದರೆ ಅದು ಯಾಕೆ ತಿರುಗಿ ಓಡುವುದಿಲ್ಲ? ಒಮ್ಮೆ ಸ್ಪಂದಿಸಿದ ಕೋಶ ಕೆಲ ನಿಮಿಷ ಆ ಕರೆಗೆ ಕಿವುಡಾಗುತ್ತದೆ. ಜೊತೆಗೆ ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವವನ್ನು ಹೊರಗೆ ಬಿಟ್ಟು, ಉಳಿದ ಸೈಕ್ಲಿಕ್ ಎಎಂಪಿಯನ್ನು ಒಡೆದು ಹಾಕುತ್ತದೆ. ಮುಂದಿನ ಅಲೆ ಬರುವಷ್ಟರಲ್ಲಿ ಅಂಗಳ ಗುಡಿಸಿದಂತೆ ಸ್ವಚ್ಛ. ಈ ಕಿಣ್ವ ಇಲ್ಲದ ತಳಿಗಳು ಗುಂಪು ಕಟ್ಟುವುದೇ ಇಲ್ಲ. ಈ ಜೀವಿಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದೇ.

ಆದ್ದರಿಂದಲೇ, ಪ್ಲೇಟಿನಲ್ಲಿ ಅಲೆ ಕಾಣದಿದ್ದಾಗ ಇನ್ನಷ್ಟು ಸೈಕ್ಲಿಕ್ ಎಎಂಪಿ ಸುರಿಯೋಣ ಅಂದರೆ ನಾನು ಬೇಡ ಅನ್ನುತ್ತೇನೆ. ಎಲ್ಲ ಕಡೆ ಒಂದೇ ಸಮ ತುಂಬಿದರೆ ಕೋಶಕ್ಕೆ ದಿಕ್ಕು ತಿಳಿಯುವುದಿಲ್ಲ. ಮೊದಲು ಬ್ಯಾಕ್ಟೀರಿಯಾ ಪೂರ್ತಿ ತೊಳೆದು ಹೋಗಿದೆಯಾ ನೋಡಿ. ಕೋಶಗಳು ಸಾಕಷ್ಟು ಒತ್ತಾಗಿವೆಯಾ ನೋಡಿ. ಹಸಿದ ಕೋಶಗಳನ್ನು ಫ್ಲಾಸ್ಕಿನಲ್ಲಿ ಅಲುಗಾಡಿಸುತ್ತಾ ಇಟ್ಟಾಗ ನಾವೇ ಹೊರಗಿನಿಂದ ಕರೆ ಕೊಡುವುದುಂಟು. ಆಗಲೂ ಪಂಪು ಒಂದೇ ಸಮ ಸುರಿಸುವುದಿಲ್ಲ. ಆರು ನಿಮಿಷಕ್ಕೊಂದು ಹನಿ ಬಿಡುತ್ತದೆ, ನಡುವೆ ಸುಮ್ಮನಿರುತ್ತದೆ.